ಗುಜರಿಯ ಗೇರ್ ಸೈಕಲ್ಲಿನ ಸಾಮಾನು ಅಪ್ಪನ ಕಪ್ಪು ಸೈಕಲ್ಲಿಗೆ ಕೂರುತ್ತಾ?

ತೋಟದ ರೈಟರ್, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಸೈಕಲ್ ಕೆಲಸ ಗೊತ್ತಿರುವವರು ಸ್ವಲ್ಪ ದಾರಿ ಹೇಳಿ.

ಮನೆಯಲ್ಲಿ ಅಪ್ಪನ ಹಳೇ ಕಪ್ಪು ಸೈಕಲ್ ಇದೆ. 28 ಇಂಚಿನ ಚಕ್ರ, ರಾಡ್ ಬ್ರೇಕು, ಕಾಟರ್ ಪಿನ್ (ಬಡಿದು ಕೂರಿಸುವ ಓರೆ ಪಿನ್ನು) ಹಾಕಿದ ಕ್ರ್ಯಾಂಕು, ಅಂದರೆ ಪೆಡಲ್ ಕೂರುವ ಕೈ. ಮುಂದೆ 44 ಹಲ್ಲು, ಹಿಂದೆ 18. ಫ್ರೇಮು ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ, ಬಣ್ಣ ಕೂಡ ಮುಕ್ಕಾಲು ಪಾಲು ಹಾಗೇ ಇದೆ. ನಾನು ತೋಟದಲ್ಲಿ ರೈಟರ್. ಬೆಳಗ್ಗೆ ಕೆಲಸದವರ ಲೈನ್‌ಮನೆ ಹತ್ತಿರ ಹಾಜರಿ ತಗೊಂಡು ಮೇಲಿನ ಬ್ಲಾಕಿಗೆ ಹೋಗಬೇಕು, ಮತ್ತೆ ಕೆಳಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹೌಸಿಗೆ ಬರಬೇಕು. ಸಮ ರಸ್ತೆಯಲ್ಲಿ ಈ ಸೈಕಲ್ ಚೆನ್ನಾಗಿ ಓಡುತ್ತೆ. ಏರು ಬಂದರೆ ಇಳಿದು ತಳ್ಳುವುದೇ. ಬೈಕ್ ಇದೆ, ಆದರೆ ನನಗೆ ಈ ಸೈಕಲ್ಲಿನಲ್ಲೇ ಓಡಾಡುವ ಆಸೆ.

ಹೋದ ವಾರ ಕುಶಾಲನಗರದ ಗುಜರಿಯಲ್ಲಿ ಒಂದು ಗೇರ್ ಸೈಕಲ್ ಸಿಕ್ಕಿತು, 700 ರೂಪಾಯಿ. 26 ಇಂಚಿನದು, ಮುಂದೆ 3, ಹಿಂದೆ 6. ಮುಂದಿನ ಫೋರ್ಕು ಮತ್ತು ಫ್ರೇಮಿನ ಕೆಳಗಿನ ಪೈಪು ಬಗ್ಗಿ ಹೋಗಿವೆ, ಯಾವುದೋ ಗಾಡಿ ಗುದ್ದಿರಬೇಕು. ಆದರೆ ಗೇರಿನ ಸಾಮಾನು ಎಲ್ಲ ಇದೆ. ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಮೇಲೆ ಶಿಮಾನೊ ಟೂರ್ನಿ ಅಂತ ಇದೆ. ಚೈನು ಮಾತ್ರ ಪೂರ್ತಿ ತುಕ್ಕು.

ಇದರಲ್ಲಿ ಏನೇನು ಬಿಚ್ಚಿ ಅಪ್ಪನ ಸೈಕಲ್ಲಿಗೆ ಹಾಕಬಹುದು? ಆರು ಹಲ್ಲುಚಕ್ರಗಳ ಆ ಗುಂಪನ್ನ ನಮ್ಮ ಚಕ್ರದ ನಡುವಿನ ಹಬ್ಬಿಗೆ ತಿರುಗಿಸಿ ಕೂರಿಸಿದರೆ ಆಯ್ತಾ? ಇಲ್ಲ, ಹಿಂದಿನ ಚಕ್ರವನ್ನೇ ಬದಲಾಯಿಸಬೇಕಾ? ಫ್ರೇಮು ಕೊಯ್ಯುವುದು, ವೆಲ್ಡಿಂಗ್ ಮಾಡುವುದು ನನಗೆ ಇಷ್ಟ ಇಲ್ಲ.


ಸಂಪಾಜೆ ಘಾಟಿ:

ಮಾರಾಯ್ರೆ, ಅಪ್ಪನ ಸೈಕಲ್ ಹಾಗೇ ಚೆನ್ನಾಗಿ ಇಟ್ಟುಕೊಳ್ಳಿ. ಗೇರ್ ಬೇಕಾದರೆ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಮೂರು ನಾಲ್ಕು ಸಾವಿರಕ್ಕೆ ಮಡಿಕೇರಿಯಲ್ಲೋ ಸುಳ್ಯದಲ್ಲೋ ಸಿಗುತ್ತೆ. ಎರಡು ಬೇರೆ ಜಾತಿಯ ಸೈಕಲ್ ಸೇರಿಸಲು ಹೋದರೆ ಒಂದೊಂದು ನಟ್ಟಿಗೂ ಅಂಗಡಿಗೆ ಓಡಬೇಕಾಗುತ್ತೆ. ಕೊನೆಗೆ ಖರ್ಚು ಜಾಸ್ತಿ. ನನಗೆ ತೋಚಿದ್ದು ಹೇಳಿದೆ, ಬೇಜಾರು ಮಾಡ್ಕೋಬೇಡಿ.


ಗೋಣಿಕೊಪ್ಪ ಫಿಟ್ಟರ್:

ರೈಟರ್ ಅವರೇ, ಹಾಕಬಹುದು. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಸ್ಕೇಲ್ ಹಿಡಿಯಿರಿ. ನಾನು ತೋಟಗಳ ಪಲ್ಪರ್, ಪಂಪ್‌ಸೆಟ್ಟು, ಕಳೆ ಹೊಡೆಯುವ ಮೆಷಿನ್ ರಿಪೇರಿ ಮಾಡುವವನು. ಸೈಕಲ್ ಕೆಲಸ ಚಿಕ್ಕಂದಿನಿಂದ ಮಾಡ್ತಾ ಬಂದಿದ್ದೇನೆ. ಹಳೇ ಸೈಕಲ್ಲುಗಳ ಬಗ್ಗೆ ನನಗೆ ತುಂಬಾ ಗೌರವ. ಆ ಸ್ಟೀಲು, ಪೈಪು ಸೇರುವ ಕಡೆಯ ಆ ಲಗ್ಗು ಈಗಿನ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಸಿಗಲ್ಲ. ಅದನ್ನ ಓಡಿಸಬೇಕು ಅನ್ನುವ ನಿಮ್ಮ ಆಸೆ ಸರಿಯಾಗಿಯೇ ಇದೆ.

ಮೊದಲು ನಿಮ್ಮ ಪ್ರಶ್ನೆ. ಆರು ಗೇರಿನ ಫ್ರೀವೀಲ್, ಅಂದರೆ ನೀವು ಹೇಳಿದ ಹಲ್ಲುಚಕ್ರದ ಗುಂಪು, ನಿಮ್ಮ ಹಬ್ಬಿಗೆ ತಿರುಗುತ್ತಾ? ತಿರುಗುತ್ತೆ. ಎರಡಕ್ಕೂ ಒಂದೇ ಥ್ರೆಡ್ಡು, 1.37 ಇಂಚು, ಇಂಚಿಗೆ 24 ಸುತ್ತು. ಇಲ್ಲೇ ತುಂಬಾ ಜನ ಖುಷಿಯಾಗಿ ಮುಂದೆ ಹೋಗುತ್ತಾರೆ, ಆಮೇಲೆ ಚಕ್ರ ಫ್ರೇಮಿಗೆ ಕೂರಲ್ಲ. ತೊಂದರೆ ಥ್ರೆಡ್ಡಿನಲ್ಲಿ ಇಲ್ಲ, ಅಗಲದಲ್ಲಿ ಇದೆ. ಆರು ಹಲ್ಲುಚಕ್ರಕ್ಕೆ ಬಲಗಡೆ ಜಾಗ ಬೇಕು, ಆಚೆ ಡಿರೇಲರಿಗೂ ಚೈನಿಗೂ ಇನ್ನಷ್ಟು ಬೇಕು. ಒಂದೇ ಗೇರಿನ ಫ್ರೇಮಿನಲ್ಲಿ ಅಷ್ಟು ಜಾಗ ಬಿಟ್ಟಿರುವುದಿಲ್ಲ.

ಹಾಗಾದರೆ 26 ಇಂಚಿನ ಚಕ್ರವನ್ನೇ ಹಾಕೋಣ ಅಂದರೆ ರಾಡ್ ಬ್ರೇಕ್ ಹೋಯ್ತು. ನಿಮ್ಮ ರಿಮ್ಮು ಟಯರ್ ಕೂರುವ ಜಾಗದಲ್ಲಿ 635 ಮಿಮೀ, ಅದರದ್ದು 559. ರಿಮ್ಮು ಸುತ್ತಲೂ 38 ಮಿಮೀ ಒಳಗೆ ಹೋಗುತ್ತೆ, ಬ್ರೇಕಿನ ರಬ್ಬರ್ ಕಟ್ಟೆ ಅದಕ್ಕೆ ಸರಿಯಾಗಿ ತಾಗಲ್ಲ.

ಇಷ್ಟು ಅಳೆದು ಹೇಳಿ. ಹಿಂದಿನ ಚಕ್ರ ಬಿಚ್ಚಿ, ಆಕ್ಸಲ್ ಕೂರುವ ಎರಡು ಸೀಳುಗಳ ನಡುವೆ ಒಳಗಿಂದ ಒಳಗೆ ಎಷ್ಟು ಮಿಮೀ? ಗುಜರಿ ಸೈಕಲ್ಲಿನದೂ ಅಷ್ಟೇ ಅಳೆಯಿರಿ. ಸೀಳಿನ ಬಾಯಿ ಮುಂದಕ್ಕಿದೆಯಾ, ಹಿಂದಕ್ಕಿದೆಯಾ? ಪೆಡಲ್ ಆಕ್ಸಲ್ ಹಾದುಹೋಗುವ ಬಿಬಿ ಪೈಪಿನ ಅಗಲ ಎರಡರಲ್ಲೂ ಎಷ್ಟು? ಅಲ್ಲಿಂದ ಹಿಂದಿನ ಆಕ್ಸಲಿಗೆ ಎಷ್ಟು ದೂರ? ಗುಜರಿಯದರ ಮುಂದಿನ ಮೂರೂ ಚೈನ್‌ವೀಲಿನ ಹಲ್ಲು ಎಣಿಸಿ. ಅದರ ಕ್ರ್ಯಾಂಕು ಕಾಟರ್ ಪಿನ್ನಿನದಾ, ಚೌಕ ಆಕ್ಸಲಿನದಾ ಅಂತಲೂ ನೋಡಿ.


ತೋಟದ ರೈಟರ್, ಸುಂಟಿಕೊಪ್ಪ:

ಅಣ್ಣಾ, ಇವತ್ತು ಮಳೆ ಅಂತ ಕೆಲಸ ಬೇಗ ಮುಗೀತು, ಎಲ್ಲ ಅಳೆದೆ. ಅಪ್ಪನ ಸೈಕಲ್ ಹಿಂದೆ 112 ಮಿಮೀ, ಸೀಳಿನ ಬಾಯಿ ಮುಂದಕ್ಕೆ. ಗುಜರಿಯದು 130. ಬಿಬಿ ಪೈಪು ಎರಡರಲ್ಲೂ 68. ಬಿಬಿಯಿಂದ ಹಿಂದಿನ ಆಕ್ಸಲಿಗೆ ಹದಿನೆಂಟೂವರೆ ಇಂಚು. ಗುಜರಿಯದರಲ್ಲಿ ಮುಂದೆ 48, 38, 28. ಕ್ರ್ಯಾಂಕು ಚೌಕ ಆಕ್ಸಲ್, ಬೋಲ್ಟ್ ಹಾಕಿದ್ದು. 112ನ್ನ 130 ಮಾಡಲು ಹಿಂದಿನ ಫೋರ್ಕನ್ನ ಎಳೆದು ಅಗಲ ಮಾಡಬಹುದು ಅಂತ ಇಲ್ಲೊಬ್ಬರು ಹೇಳಿದರು. ಮಾಡಲಾ?


ಗೋಣಿಕೊಪ್ಪ ಫಿಟ್ಟರ್:

ಬೇಡ. ಸ್ಟೀಲ್ ಫ್ರೇಮನ್ನ ನಾಲ್ಕೈದು ಮಿಮೀ ಅಗಲಿಸುವುದು ಎಲ್ಲ ಕಡೆ ನಡೆಯುವ ಕೆಲಸ. ಹದಿನೆಂಟು ಅಂದರೆ ಒಂದೊಂದು ಬದಿಗೆ ಒಂಬತ್ತು. ಚಕ್ರದ ಹತ್ತಿರದ ಸಣ್ಣ ಅಡ್ಡಪಟ್ಟಿಯ ಬುಡದಲ್ಲಿ ಪೈಪು ಮಡಚಿಕೊಳ್ಳುತ್ತೆ. ಆಕ್ಸಲ್ ಕೂರುವ ಎರಡು ತಗಡು ಒಂದಕ್ಕೊಂದು ನೇರವಾಗಿ ನಿಲ್ಲಲ್ಲ. ಆ ಮೇಲೆ ನಟ್ ಬಿಗಿ ಮಾಡಿದಾಗೆಲ್ಲ ಆಕ್ಸಲ್ ಬಗ್ಗುತ್ತೆ. ಒಳ್ಳೆಯ ಫ್ರೇಮು, ಅದಕ್ಕೆ ಹಾಗೆ ಮಾಡಬೇಡಿ.

ನೀವು ಹೇಳಿದ ಅಳತೆ ನೋಡಿ ನನಗೆ ಸಂತೋಷ ಆಯ್ತು. ಗೇರು ಹಿಂದೆ ಬೇಡ, ಮುಂದೆ ತನ್ನಿ. ಹಿಂದೆ ನಿಮ್ಮದೇ ಚಕ್ರ, ನಿಮ್ಮದೇ ಹಬ್ಬು, ಒಂದೇ ಹಲ್ಲುಚಕ್ರ ಇರಲಿ. ಮುಂದೆ ಗುಜರಿ ಸೈಕಲ್ಲಿನ ಮೂರು ಚೈನ್‌ವೀಲಿನ ಕ್ರ್ಯಾಂಕು ಹಾಕಿ. ಹಿಂದಿನ ಡಿರೇಲರನ್ನ ಗೇರು ಬದಲಾಯಿಸಲು ಅಲ್ಲ, ಚೈನಿನ ಸಡಿಲ ಎಳೆದು ಹಿಡಿಯಲು ಮಾತ್ರ ಬಳಸಿ. ಫ್ರೇಮಿಗೆ ಒಂದು ಏಟೂ ಬೀಳಲ್ಲ. ಬೇಡ ಅನ್ನಿಸಿದ ದಿನ ಎಲ್ಲ ಬಿಚ್ಚಿ ಹಳೇದನ್ನೇ ಹಾಕಬಹುದು.

ಲೆಕ್ಕ ನೋಡಿ. ನಿಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಈಗ 44ಕ್ಕೆ 18, ಅಂದರೆ ಪೆಡಲ್ ಒಂದು ಸುತ್ತು ತುಳಿದರೆ 5.4 ಮೀಟರ್. ಅದಕ್ಕೇ ಏರಿನಲ್ಲಿ ಕಾಲು ನಿಲ್ಲುವುದು. ಹಿಂದೆ 20 ಹಲ್ಲು ಹಾಕಿದರೆ, ಮುಂದೆ 48ರಲ್ಲಿ 5.3 ಮೀಟರ್, 38ರಲ್ಲಿ 4.2, 28ರಲ್ಲಿ 3.1. ಸಮ ರಸ್ತೆಯಲ್ಲಿ ಈಗಿನಷ್ಟೇ ವೇಗ ಇರುತ್ತೆ, ಏರಿಗೆ ಭಾರ ಐದರಲ್ಲಿ ಎರಡು ಭಾಗಕ್ಕೂ ಸ್ವಲ್ಪ ಜಾಸ್ತಿ ಇಳಿಯುತ್ತೆ. ಮೇಲಿನ ಬ್ಲಾಕಿಗೆ ಕೂತೇ ಹೋಗಬಹುದು ಅಂತ ನನ್ನ ಅಂದಾಜು.

ಈಗ ಒಂದೊಂದಾಗಿ ಸಾಮಾನು.

ಕ್ರ್ಯಾಂಕು, ಬಿಬಿ ಆಕ್ಸಲ್, ಬಿಬಿ ಪೈಪಿನ ಎರಡು ಬದಿಗೆ ತಿರುಗಿಸಿ ಕೂರಿಸುವ ಬಟ್ಟಲಿನಂಥ ಎರಡು ಕಪ್ಪು, ಇವು ನಾಲ್ಕೂ ಒಂದೇ ಸೆಟ್ಟಾಗಿ ಬರಬೇಕು. ಹಳೇ ಕಪ್ಪಿಗೆ ಹೊಸ ಆಕ್ಸಲ್ ಹಾಕಿದರೆ ಬೇರಿಂಗಿನ ಬಾಲು ಸರಿಯಾದ ಜಾಗದಲ್ಲಿ ಓಡಲ್ಲ. ಗುಜರಿಯದರ ಕಪ್ಪನ್ನ ನಿಮ್ಮ ಪೈಪಿಗೆ ಬರೀ ಬೆರಳಲ್ಲಿ ತಿರುಗಿಸಿ ನೋಡಿ. ಮೂರು ಸುತ್ತು ಸಲೀಸಾಗಿ ಹೋದರೆ ಥ್ರೆಡ್ಡು ಸರಿ. ಒಂದು ಸುತ್ತಿಗೇ ಹಿಡಿದರೆ ನಿಲ್ಲಿಸಿ, ಸ್ಪ್ಯಾನರ್ ಹಾಕಬೇಡಿ. ಚೈನ್ ಇರುವ ಬಲಗಡೆ ಕಪ್ಪು ಉಲ್ಟಾ ಥ್ರೆಡ್ಡು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ. ಎಡಗಡೆಯದು ಮಾಮೂಲು. ಬಾಲು ಹೊಸದು ಹಾಕಿ, ಕಾಲು ಇಂಚಿನವು. ಬಿಡಿಬಾಲು ಆದರೆ ಒಂದು ಬದಿಗೆ ಹನ್ನೊಂದು. ಐವತ್ತು ರೂಪಾಯಿ ಒಳಗೆ ಮುಗಿಯುತ್ತೆ. ಕಪ್ಪಿನ ಒಳಗೆ ಬೆರಳಾಡಿಸಿ ನೋಡಿ, ಬಾಲು ಓಡುವ ದಾರಿಯಲ್ಲಿ ಗುಂಡಿ ಬಿದ್ದಿದ್ದರೆ ಆ ಕಪ್ಪು ಬೇಡ. ನಮ್ಮ ಕಡೆ ಮಳೆಗೆ ಬಿಬಿ ಒಳಗೆ ನೀರು ನಿಂತೇ ನಿಲ್ಲುತ್ತೆ, ಗುಂಡಿ ಬೀಳುವುದು ಅದರಿಂದಲೇ.

ಚೌಕ ಆಕ್ಸಲಿನ ಕ್ರ್ಯಾಂಕು ಬಿಚ್ಚಲು ಪುಲ್ಲರ್ ಅನ್ನುವ ಎಳೆದು ತೆಗೆಯುವ ಟೂಲು ಬೇಕು. ಸುತ್ತಿಗೆಯಲ್ಲಿ ಹೊಡೆದು ತೆಗೆಯಲು ಹೋಗಬೇಡಿ, ಚೌಕದ ತೂತು ಅಗಲ ಆದರೆ ಆಮೇಲೆ ಎಷ್ಟು ಬಿಗಿ ಮಾಡಿದರೂ ಸಡಿಲ ಆಗ್ತಾನೇ ಇರುತ್ತೆ. ಗೇರ್ ಸೈಕಲ್ ರಿಪೇರಿ ಮಾಡುವ ಯಾವ ಅಂಗಡಿಯಲ್ಲೂ ಪುಲ್ಲರ್ ಇರುತ್ತೆ, ಅಲ್ಲೇ ಬಿಚ್ಚಿಸಿಕೊಳ್ಳಿ.

ನಿಮ್ಮ ಕಾಟರ್ ಪಿನ್ ಬಿಚ್ಚುವುದಕ್ಕೆ ತಾಳ್ಮೆ ಬೇಕು. ಹಿಂದಿನ ರಾತ್ರಿಯೇ ಎರಡೂ ಪಿನ್ನಿನ ಬುಡಕ್ಕೆ ಡೀಸೆಲ್ ಬಿಡಿ. ಬೆಳಗ್ಗೆ ನಟ್ಟನ್ನ ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿ. ಒಂದು ಗಟ್ಟಿ ಕಬ್ಬಿಣದ ಪೈಪನ್ನ ನೆಲದಿಂದ ಕ್ರ್ಯಾಂಕಿನ ಅಡಿಗೆ ನೇರ ನಿಲ್ಲಿಸಿ, ಪಿನ್ನಿನ ತಲೆ ಪೈಪಿನ ತೂತಿನೊಳಗೆ ಇಳಿಯುವ ಹಾಗೆ. ಆಗ ಏಟು ಬಿಬಿಯ ಬಾಲಿಗೆ ಹೋಗದೆ ನೆಲಕ್ಕೆ ಹೋಗುತ್ತೆ. ಭಾರದ ಸುತ್ತಿಗೆಯಲ್ಲಿ ಒಂದೇ ನೇರ ಏಟು. ಚಿಕ್ಕ ಚಿಕ್ಕ ಏಟು ಹತ್ತು ಕೊಟ್ಟರೆ ಪಿನ್ನಿನ ತುದಿ ಅಣಬೆ ಥರ ಹರಡಿಕೊಂಡು ತೂತಿನಲ್ಲೇ ಸಿಕ್ಕಿಕೊಳ್ಳುತ್ತೆ. ಬಿಚ್ಚಿದ ಕ್ರ್ಯಾಂಕು, ಪಿನ್ನು, ಆಕ್ಸಲ್ ಎಲ್ಲ ಗ್ರೀಸ್ ಹಚ್ಚಿ ಒಂದು ಡಬ್ಬದಲ್ಲಿ ಇಡಿ.

ಚೈನು ಗುಜರಿಯದು ಬೇಡ, ಅಪ್ಪನ ಸೈಕಲ್ಲಿನದೂ ಬೇಡ. ಒಂದೇ ಗೇರಿನ ಚೈನು ಅಗಲ ಜಾಸ್ತಿ, ಒಳ ಅಗಲ 3.2 ಮಿಮೀ. ಗೇರಿನ ಚೈನು 2.4. ಅಗಲದ ಚೈನು, ಚೈನು ಹಾದುಹೋಗುವ ಡಿರೇಲರಿನ ಪಂಜರದಲ್ಲಿ ಉಜ್ಜುತ್ತೆ, ತೆಳು ಚೈನು ದಪ್ಪ ಹಲ್ಲಿನ ಫ್ರೀವೀಲಿಗೆ ಇಳಿಯೋದೇ ಇಲ್ಲ. ಹಾಗಾಗಿ ಆರೇಳು ಗೇರಿಗೆ ಬರುವ ಹೊಸ ಚೈನು ತಗೊಳ್ಳಿ. 116 ಲಿಂಕಿನದು ನಿಮ್ಮ ಹದಿನೆಂಟೂವರೆ ಇಂಚಿಗೆ ಸಾಕು. ಹಿಂದಿನ ಫ್ರೀವೀಲ್ ಕೂಡ ತೆಳು ಹಲ್ಲಿನದೇ ಆಗಬೇಕು. ಬಿಎಂಎಕ್ಸ್ ಸೈಕಲ್ಲಿಗೆ ಬರುತ್ತೆ, 20 ಹಲ್ಲಿನದು ಕೇಳಿ. 18 ಸಿಕ್ಕಿದರೂ ನಡೆಯುತ್ತೆ, ಏರಿಗೆ ಸ್ವಲ್ಪ ಭಾರ ಆಗುತ್ತೆ ಅಷ್ಟೇ. ಮುಖ್ಯವಾದ ಹೊಸ ಸಾಮಾನು ಅಂದರೆ ಇವೆರಡೇ. ಹಳೇ ಚೈನಿಗೆ ಹೊಸ ಹಲ್ಲು, ಹೊಸ ಚೈನಿಗೆ ತಿಂದು ಹೋದ ಹಲ್ಲು ಯಾವತ್ತೂ ಜೊತೆ ಮಾಡಬೇಡಿ, ಏರಿನಲ್ಲಿ ಒತ್ತಿ ತುಳಿದಾಗ ಜಾರುತ್ತೆ.

ಚೈನ್‌ವೀಲಿನ ಹಲ್ಲು ತಿಂದಿದೆಯಾ ಅಂತ ಹೀಗೆ ನೋಡಿ. ಹೊಸ ಚೈನನ್ನ ಅದರ ಮೇಲೆ ಸುತ್ತಿ ಮುಂಬದಿಯಲ್ಲಿ ಎಳೆಯಿರಿ. ಚೈನು ಎದ್ದು ಅರ್ಧ ಹಲ್ಲು ಕಾಣಿಸಿದರೆ ಸವೆದಿದೆ ಅಂತ ಅರ್ಥ. ಈ ಥರದ ಸೈಕಲ್ಲುಗಳಲ್ಲಿ ಎಲ್ಲರೂ ನಡುವಿನದರಲ್ಲೇ ಓಡಿಸುತ್ತಾರೆ, 28 ಹೆಚ್ಚಾಗಿ ಹೊಸದರ ಹಾಗೇ ಇರುತ್ತೆ. ಮೂರೂ ಸ್ಟೀಲೇ. ರಿವೆಟ್ ಹೊಡೆದಿರುತ್ತಾರೆ, ಒಂದನ್ನೇ ಬದಲಾಯಿಸಲು ಬರಲ್ಲ.

ನಿಮ್ಮ ಹಳೇ ಫ್ರೀವೀಲ್ ಬಿಚ್ಚುವುದು ಅಂಗಡಿ ಕೆಲಸ. ನೀವು ಇಷ್ಟು ವರ್ಷ ತುಳಿದಾಗೆಲ್ಲ ಅದು ಬಿಗಿ ಆಗ್ತಾ ಬಂದಿದೆ. ಟೂಲನ್ನ ವೈಸಿಗೆ ಕಚ್ಚಿಸಿ, ಟಯರ್ ಹಿಡಿದು ಇಡೀ ಚಕ್ರವನ್ನೇ ತಿರುಗಿಸಿದರೆ ಬರುತ್ತೆ. ಹೊಸದನ್ನ ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಲು ಮರೀಬೇಡಿ.

ಡಿರೇಲರ್ ತೂಗುವ ಆ ಚಿಕ್ಕ ಕಬ್ಬಿಣದ ಹ್ಯಾಂಗರ್ ತಗಡು ಗುಜರಿ ಸೈಕಲ್ಲಿನಲ್ಲಿ ಬಿಡಿಯಾಗಿ ಇದೆಯಾ ನೋಡಿ, ಟೂರ್ನಿ ಹಾಕಿದ ಇಂಥ ಸೈಕಲ್ಲುಗಳಲ್ಲಿ ಬಹಳಷ್ಟು ಕಡೆ ಇರುತ್ತೆ. ನಿಮ್ಮ ಸೀಳಿನ ಬಾಯಿ ಮುಂದಕ್ಕಿರುವುದರಿಂದ ಅದು ಹಾಗೇ ಕೂರುತ್ತೆ. ಆಮೇಲೆ ಡಿರೇಲರಿನ ಪುಲ್ಲಿಯನ್ನ ಹಲ್ಲುಚಕ್ರದ ನೇರ ಕೆಳಗೆ ತರಬೇಕು. ಎಚ್ ಅಂತ ಗುರುತಿರುವ ಸ್ಕ್ರೂ ಒಳಗೆ ತಿರುಗಿಸಿದರೆ ಪುಲ್ಲಿ ಚಕ್ರದ ಕಡೆ ಸರಿಯುತ್ತೆ. ಅಷ್ಟು ಸಾಲದಿದ್ದರೆ ಹಳೇ ಗೇರ್ ಕೇಬಲ್ಲಿನ ಗುಂಡು ಇರುವ ತುದಿಯಿಂದ ಒಂದು ಗೇಣು ಕತ್ತರಿಸಿ, ಗುಂಡು ಅಡ್ಜಸ್ಟರಿಗೆ ಒತ್ತಿ ನಿಲ್ಲುವ ಹಾಗೆ ತೂರಿಸಿ, ಪುಲ್ಲಿ ನೇರಕ್ಕೆ ಬಂದಾಗ ಇನ್ನೊಂದು ತುದಿಯನ್ನ ಕೇಬಲ್ ಬೋಲ್ಟಿಗೆ ಕಚ್ಚಿಸಿಬಿಡಿ. ಅಲ್ಲೇ ನಿಂತುಬಿಡುತ್ತೆ. ಹ್ಯಾಂಡಲ್ಲಿಗೆ ಹಿಂದಿನ ಶಿಫ್ಟರ್, ಅಂದರೆ ಗೇರು ಬದಲಾಯಿಸುವ ಲಿವರ್, ಬೇಕಾಗೇ ಇಲ್ಲ.

ಮುಂದಿನ ಡಿರೇಲರ್ ಕಟ್ಟುವ ಮೊದಲು ಸೀಟಿನ ಪೈಪು ಅಳೆಯಿರಿ. ಕ್ಲ್ಯಾಂಪು ಸಡಿಲ ಬಂದರೆ ತೆಳು ಅಲ್ಯೂಮಿನಿಯಂ ಪಟ್ಟಿ ಸುತ್ತಿ. ಪಂಜರದ ಕೆಳ ಅಂಚು 48ರ ಹಲ್ಲಿನ ಮೇಲೆ ಎರಡು ಮೂರು ಮಿಮೀ ಇರಲಿ, ಅದಕ್ಕಿಂತ ಎತ್ತರ ಬೇಡ. ಚೈನ್ ಕವರ್ ಬಿಚ್ಚಲೇಬೇಕು. ಪ್ಯಾಂಟಿನ ತುದಿ ಜೋಪಾನ.


ಸಂಪಾಜೆ ಘಾಟಿ:

ಫಿಟ್ಟರ್ ಅಣ್ಣ, ಇಷ್ಟೆಲ್ಲ ಮಾಡಿ ಮೂರೇ ಗೇರಾ? ನಮ್ಮ ಘಾಟಿಗೆ ಸಾಕಾಗುತ್ತಾ?


ಗೋಣಿಕೊಪ್ಪ ಫಿಟ್ಟರ್:

ಸಂಪಾಜೆಯಿಂದ ಮಡಿಕೇರಿಗೆ ಹತ್ತುವವರಿಗೆ ಸಾಲದು, ನಿಮ್ಮ ಮಾತು ಒಪ್ಪುತ್ತೇನೆ. ಅವರು ಕೇಳಿದ್ದು ತೋಟದೊಳಗಿನ ಏರು ಅಲ್ವಾ? ಹಿಂದಿನ ಇಂಗ್ಲಿಷ್ ಸೈಕಲ್ಲುಗಳಲ್ಲಿ ಸ್ಟರ್ಮಿ ಆರ್ಚರ್ ಅಂತ ಹಬ್ಬಿನೊಳಗೇ ಗೇರು ಬರ್ತಿತ್ತು. ಅದರಲ್ಲೂ ಮೂರೇ. ನಡುವಿನದು ನೇರ, ಕೆಳಗಿನದು ಅದರ 75%, ಮೇಲಿನದು 133%. ಅಂದರೆ ಕೆಳಗಿಂದ ಮೇಲಕ್ಕೆ 1.77 ಪಟ್ಟು. ಇವರದ್ದು 28ರಿಂದ 48ಕ್ಕೆ 1.71. ಹೆಚ್ಚುಕಮ್ಮಿ ಅದೇ ಹರವು. ಆ ಹಬ್ಬಿನಲ್ಲಿ ಜನ ದಶಕಗಟ್ಟಲೆ ಊರೂರು ಸುತ್ತಿದ್ದಾರೆ. ಮೂರು ಗೇರನ್ನ ಸರಿಯಾದ ಜಾಗದಲ್ಲಿ ಇಟ್ಟರೆ ತುಂಬಾ ದೂರ ಹೋಗಬಹುದು. ಹದಿನೆಂಟು ಗೇರಿನ ಸೈಕಲ್ಲಿನಲ್ಲೂ ಒಂದರ ಹಾಗೇ ಇನ್ನೊಂದು ಇರುವವು ಎಷ್ಟೋ.


ನಾಪೋಕ್ಲು ಟೀಚರ್:

ನಮಸ್ತೆ. ನಾನು ಸೈಕಲ್ ರಿಪೇರಿ ಬಲ್ಲವಳಲ್ಲ. ಆದರೆ ನಮ್ಮ ಶಾಲೆಯ ಮಕ್ಕಳ ಸೈಕಲ್ಲುಗಳನ್ನ ದಿನಾ ನೋಡ್ತೀನಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದಾಗಿನ ಕೆಲವು ಇನ್ನೂ ಈ ಊರಲ್ಲಿ ಓಡ್ತಾ ಇವೆ, ಅಕ್ಕನದು ತಮ್ಮನಿಗೆ, ಅವನದು ಪಕ್ಕದ ಮನೆಗೆ ಅಂತ. ಹತ್ತುವುದಕ್ಕೆ ಮಕ್ಕಳು ಇಳಿದು ತಳ್ಳುತ್ತಾರೆ, ಅದರಿಂದ ಏನೂ ಆಗಲ್ಲ. ನನಗೆ ಭಯ ಇಳಿಯುವಾಗ. ಜೂನ್, ಜುಲೈ ಮಳೆಯಲ್ಲಿ ಬ್ರೇಕ್ ಹಿಡಿದರೂ ಸೈಕಲ್ ಹೋಗ್ತಾನೇ ಇರುತ್ತೆ. ರೈಟರ್ ಅವರು ಗೇರ್ ಹಾಕಿ ಮೇಲೆ ಹತ್ತಿದ ಮೇಲೆ ಇಳಿಯಲೇಬೇಕಲ್ಲ? ರಾಡ್ ಬ್ರೇಕಿನಲ್ಲಿ?

ಇನ್ನೊಂದು, ಫಿಟ್ಟರ್ ಅವರೇ, ಮಕ್ಕಳ ಆ ಸೈಕಲ್ಲುಗಳಿಗೂ ಇದೇ ಥರ ಮಾಡಬಹುದಾ?


ಗೋಣಿಕೊಪ್ಪ ಫಿಟ್ಟರ್:

ಟೀಚರ್, ನೀವು ಕೇಳಿದ್ದು ಬಹಳ ಮುಖ್ಯ. ಇದನ್ನ ಮೊದಲೇ ಬರೀಬೇಕಾದಷ್ಟು ಮುಖ್ಯ.

ಕಬ್ಬಿಣದ ರಿಮ್ಮಿಗೆ ನಿಕ್ಕಲ್, ಕ್ರೋಮ್ ಹಾಕಿ ಕನ್ನಡಿ ಮಾಡಿರುತ್ತಾರೆ. ನೀರು ಬಿದ್ದರೆ ರಬ್ಬರ್ ಕಟ್ಟೆ ಅದರ ಮೇಲೆ ಜಾರುತ್ತೆ. ಒಣಗಿದ್ದಾಗ ನಿಲ್ಲುವ ದೂರದ ಎಷ್ಟೋ ಪಟ್ಟು ಬೇಕಾಗುತ್ತೆ. ಗುಜರಿ ಸೈಕಲ್ಲಿನ ವಿ ಬ್ರೇಕ್ ಇಲ್ಲಿಗೆ ಬರಲ್ಲ, ಅದಕ್ಕೆ ಫೋರ್ಕಿನ ಮೇಲೆ ಗೂಟ ಬೇಕು. ಹಳೇ ರಾಡ್ ಬ್ರೇಕಿನ ರಿಮ್ಮಿಗೆ ಪಕ್ಕದಿಂದ ಹಿಡಿಯುವ ಬ್ರೇಕೂ ಸರಿಹೋಗಲ್ಲ, ಅದರ ಬದಿ ದುಂಡಗಿದೆ, ಚಪ್ಪಟೆ ಇಲ್ಲ.

ಹಾಗಾಗಿ ರೈಟರ್ ಅವರೇ, ಗೇರಿನ ಕೆಲಸದ ಜೊತೆಗೇ ನಾಲ್ಕೂ ಬ್ರೇಕ್ ಕಟ್ಟೆ ಹೊಸದು ಹಾಕಿಸಿ. ರಾಡಿನ ಒಂದೊಂದು ಮೂಲೆಯ ಪಿನ್ನು ನೋಡಿ. ಅಲ್ಲಿ ಆಟ ಜಾಸ್ತಿ ಇದ್ದರೆ ನೀವು ಹಿಡಿದ ಬಲದಲ್ಲಿ ಅರ್ಧ ದಾರಿಯಲ್ಲೇ ಹೋಗುತ್ತೆ. ರಿಮ್ಮಿನ ಒಳಬದಿಯನ್ನ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿ, ಎಣ್ಣೆ ಪಸೆ ಚೂರೂ ಇರಬಾರದು. ಚೈನಿಗೆ ಎಣ್ಣೆ ಬಿಡುವಾಗ ರಿಮ್ಮಿಗೆ ಸಿಡಿಯದ ಹಾಗೆ ಹಿಂದೆ ಕಾಗದ ಹಿಡಿಯಿರಿ. ಮಳೆಗಾಲಕ್ಕೆ ನಾನು 90 ನಂಬರಿನ ಗೇರ್ ಎಣ್ಣೆ ಬಿಡುತ್ತೇನೆ, ಒಂದು ರೋಲರಿಗೆ ಒಂದೇ ಹನಿ, ಆಮೇಲೆ ಹೊರಗಿನದೆಲ್ಲ ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ. ಒರೆಸದಿದ್ದರೆ ನಮ್ಮ ಕೆಂಪು ಮಣ್ಣು ಮೆತ್ತಿಕೊಂಡು ಚೈನನ್ನ ಅರೆದು ಹಾಕುತ್ತೆ.

ಜೋರು ಮಳೆಯಲ್ಲಿ ಮೇಲಿನ ಬ್ಲಾಕಿನಿಂದ ಇಳಿಯುವಾಗ ಸೈಕಲ್ ತಳ್ಳಿಕೊಂಡೇ ಬನ್ನಿ. ಇದನ್ನ ನಿಮ್ಮ ಅಣ್ಣನ ಮಾತು ಅಂದುಕೊಳ್ಳಿ.

ಟೀಚರ್, ಮಕ್ಕಳ ಸೈಕಲ್ಲಿಗೆ ಮೂರು ಗೇರು ಹಾಕುವುದಕ್ಕಿಂತ ಸುಲಭದ ದಾರಿ ಇದೆ. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿಸಿ. ಅಗಲದ ಚೈನಿಗೇ ಬರುತ್ತೆ, ಎರಡು ಲಿಂಕ್ ಸೇರಿಸಬೇಕಾಗಬಹುದು ಅಷ್ಟೇ. ಸಮ ರಸ್ತೆಯಲ್ಲಿ ವೇಗ ಕಮ್ಮಿ ಆಗುತ್ತೆ, ಏರಿಗೆ ಭಾರ ಐದರಲ್ಲಿ ಒಂದು ಭಾಗ ಇಳಿಯುತ್ತೆ. ಕೆಡುವ ಸಾಮಾನು ಒಂದೂ ಇಲ್ಲ. ಬ್ರೇಕ್ ಕಟ್ಟೆ ಮಾತ್ರ ಮೇ ತಿಂಗಳಲ್ಲೇ, ಶಾಲೆ ಶುರುವಾಗುವ ಮೊದಲು, ಎಲ್ಲರದ್ದೂ ಒಮ್ಮೆ ನೋಡಿಸಿ. ನಾಪೋಕ್ಲು ಕಡೆ ಕೆಲಸಕ್ಕೆ ಬಂದಾಗ ನಾನೇ ಶಾಲೆಗೆ ಬಂದು ನೋಡಿಕೊಡುತ್ತೇನೆ.


ತೋಟದ ರೈಟರ್, ಸುಂಟಿಕೊಪ್ಪ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಜರಿಯದರ ಬಲಗಡೆ ಕಪ್ಪು ಬಿಚ್ಚಿ ನಮ್ಮ ಪೈಪಿಗೆ ಬೆರಳಲ್ಲಿ ತಿರುಗಿಸಿದೆ ಅಣ್ಣಾ, ಸಲೀಸಾಗಿ ಹೋಯ್ತು. ಬಾಲಿನ ದಾರಿ ನುಣ್ಣಗಿದೆ. ಹ್ಯಾಂಗರ್ ತಗಡೂ ಬಿಡಿಯಾಗಿಯೇ ಇದೆ. 20ರ ಫ್ರೀವೀಲಿಗೆ ಮಡಿಕೇರಿಯ ಅಂಗಡಿಯಲ್ಲಿ ಹೇಳಿದ್ದೇನೆ, ಶುಕ್ರವಾರ ಸಂತೆಗೆ ಹೋದಾಗ ಬ್ರೇಕ್ ಕಟ್ಟೆಯನ್ನೂ ಅಲ್ಲೇ ತಗೊಳ್ತೀನಿ. ಒಂದು ಮಾತು ಉಳೀತು. ಮುಂದಿನ ಶಿಫ್ಟರನ್ನ ಎಲ್ಲಿ ಕಟ್ಟಲಿ? ಹ್ಯಾಂಡಲ್ಲಿನ ಕೆಳಗೆ ಪೂರ್ತಿ ರಾಡ್ ಬ್ರೇಕಿನ ಹಿಡಿ ಇದೆ.


ಗೋಣಿಕೊಪ್ಪ ಫಿಟ್ಟರ್:

ಹಿಡಿಯ ಹತ್ತಿರ ಕಟ್ಟಬೇಡಿ, ಬ್ರೇಕ್ ಹಿಡಿದಾಗ ಬೆರಳು ತಾಗುತ್ತೆ. ಹ್ಯಾಂಡಲ್ಲಿನ ನಡುವೆ, ಬೆಲ್ಲಿನ ಎಡಗಡೆ ಕಟ್ಟಿ. ಹೆಬ್ಬೆರಳಲ್ಲಿ ತಳ್ಳುವ ಶಿಫ್ಟರ್ ಆದರೆ ಅಲ್ಲಿ ಕೂರುತ್ತೆ. ಹಿಡಿಯನ್ನೇ ತಿರುಗಿಸುವ ಜಾತಿಯದಾದರೆ ಕೂರಲ್ಲ, ಹೆಬ್ಬೆರಳಿನದು ಬೇರೆ ಕೊಳ್ಳಬೇಕು. ಕೇಬಲ್ಲಿನ ಹೊರಗವಚ, ಅಂದರೆ ಔಟರ್, ಹೊಸದು ಹಾಕಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗಲೂ ಎಳೆಯದಷ್ಟು ಉದ್ದ ಬಿಡಿ. ನಿಮ್ಮ ಫ್ರೇಮಿನಲ್ಲಿ ಔಟರಿನ ತುದಿ ನಿಲ್ಲಿಸಲು ಜಾಗ ಇರಲ್ಲ, ಸೀಟಿನ ಪೈಪಿಗೋ ಕೆಳಗಿನ ಪೈಪಿಗೋ ಕಟ್ಟುವ ಕ್ಲ್ಯಾಂಪು ಬೇಕು. ಕೇಬಲ್ ಮೇಲಿಂದ ಎಳೆಯುತ್ತಾ, ಕೆಳಗಿಂದ ಎಳೆಯುತ್ತಾ ಅನ್ನುವುದನ್ನ ಗುಜರಿ ಸೈಕಲ್ಲಿನಲ್ಲಿ ಈಗಲೇ ನೋಡಿ ಫೋಟೋ ತೆಗೆದು ಇಟ್ಟುಕೊಳ್ಳಿ. ಬಿಚ್ಚಿದ ಮೇಲೆ ಅದು ಗೊತ್ತಾಗಲ್ಲ.

ಏರು ಶುರುವಾಗುವ ಮೊದಲೇ 28ಕ್ಕೆ ಇಳಿಸಿ. ಭಾರ ಹಾಕಿ ತುಳಿಯುತ್ತಾ ಮುಂದಿನ ಗೇರು ಬದಲಾಯಿಸಲು ಬರಲ್ಲ. ಫ್ರೀವೀಲ್ ಬಂದ ದಿನ ಇಲ್ಲೇ ಬರೆಯಿರಿ.